ರಸ್ತೆಯ ಅಳತೆ ಫುಟ್‌ಪಾತಿನಿಂದ ಶುರುವಾಗಲಿ

ಬೆಂಗಳೂರಿನಿಂದ ಮಂಗಳೂರಿಗೆ ಸರಕು ಒಯ್ಯುವ ಲಾರಿಗಳು ಈಗ ಹಾಸನದ ಪೇಟೆಯೊಳಗೆ ಬರಬೇಕಾಗಿಲ್ಲ. ಚನ್ನರಾಯಪಟ್ಟಣದಲ್ಲೂ ಅಷ್ಟೇ. ಹಿಂದೆ 48 ಎನಿಸಿಕೊಂಡಿದ್ದ, ಈಗ 75 ಆಗಿರುವ ರಾಷ್ಟ್ರೀಯ ಹೆದ್ದಾರಿ ಬೈಪಾಸಿನ ಮೂಲಕ ಎರಡೂ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ಊರೊಳಗೆ ಉಳಿದಿರುವುದು ಹಳೆಯ ಬಿ.ಎಂ. ರಸ್ತೆ. ದೂರದ ವಾಹನಗಳು ಊರು ಬಿಟ್ಟು ಹೋದರೂ ಆ ರಸ್ತೆಯ ರೂಪ ಮಾತ್ರ ಇನ್ನೂ ಹೆದ್ದಾರಿಯದ್ದೇ. ನಡುವೆ ಡಿವೈಡರ್, ಅದರ ಎರಡೂ ಕಡೆ ಡಾಂಬರು, ಡಾಂಬರಿನ ಅಂಚಿಗೆ ಚರಂಡಿ. ಚರಂಡಿಯ ಮೇಲೆ ಮುಚ್ಚಿದ ಸ್ಲ್ಯಾಬನ್ನೇ ನಾವು ಫುಟ್‌ಪಾತ್ ಎಂದು ಕರೆದು ಸುಮ್ಮನಾಗಿದ್ದೇವೆ.

ನಮ್ಮ ಊರುಗಳಲ್ಲಿ ರಸ್ತೆಯ ನಕ್ಷೆ ಬರೆಯುವಾಗ ಟೇಪು ಹಿಡಿಯುವುದು ನಟ್ಟನಡುವಿನಿಂದ. ವಾಹನಕ್ಕೆ ಎಷ್ಟು ಅಡಿ ಬೇಕು ಎಂಬುದು ಮೊದಲು ತೀರ್ಮಾನವಾಗುತ್ತದೆ. ನೀರು ಹರಿಯಲು ಜಾಗ ಬಿಡುವುದು ಆಮೇಲೆ. ಮಿಕ್ಕಿದ್ದೇನಾದರೂ ಇದ್ದರೆ ನಡೆಯುವವರಿಗೆ. ಈ ಕ್ರಮ ತಿರುವುಮುರುವಾಗಬೇಕು. ಎರಡೂ ಬದಿಯ ಕಟ್ಟಡಗಳ ಗೋಡೆಯಿಂದ ಅಳತೆ ಶುರುವಾಗಲಿ. ಕಾಲ್ನಡಿಗೆಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಆಮೇಲೆ ಬಸ್ಸು, ಸೈಕಲ್ಲು, ಬೈಕು, ಕಾರುಗಳಿಗೆ ಪಾಲು ಮಾಡಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕಕ್ಕೂ ಈ ಮಾತು ಅನ್ವಯಿಸುತ್ತದೆ.

ಹೀಗೆ ಹೇಳಲು ಮೊದಲ ಕಾರಣ ಲೆಕ್ಕಾಚಾರದ್ದು. ರಸ್ತೆ ಎಷ್ಟು ವಾಹನಗಳನ್ನು ಸಾಗಿಸಿತು ಎಂದು ಎಣಿಸುವುದು ನಮಗೆ ರೂಢಿಯಾಗಿದೆ. ಎಷ್ಟು ಜನರನ್ನು ಸಾಗಿಸಿತು ಎಂದು ಎಣಿಸಿದರೆ ಚಿತ್ರವೇ ಬೇರೆ. ಅರಕಲಗೂಡಿಗೆ ರೈಲಿಲ್ಲ. ಕೊಣನೂರು, ರಾಮನಾಥಪುರದ ಕಡೆಯಿಂದ ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ಬರುವವರು ಬಸ್ಸಿಳಿದು ನಡೆಯುತ್ತಾರೆ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ದಿನ ಬೆಳಗಾದರೆ ಬರುವ ರೋಗಿಗಳಲ್ಲಿ, ಅವರ ಜೊತೆ ಬಂದವರಲ್ಲಿ ಸ್ವಂತ ಕಾರಿರುವವರು ಎಷ್ಟು ಮಂದಿ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸು ಹತ್ತುವ ಹೆಂಗಸರ ಸಂಖ್ಯೆ ಎಷ್ಟು ಏರಿದೆ ಎಂಬುದು ಬಸ್ ನಿಲ್ದಾಣದಲ್ಲಿ ನಿಂತವರಿಗೆಲ್ಲ ಗೊತ್ತು. ಅವರ ಟಿಕೆಟ್ಟಿನ ಹೊರೆಯನ್ನು ಸರ್ಕಾರ ಇಳಿಸಿತು. ಬಸ್ಸಿಳಿದ ಮೇಲಿನ ಅರ್ಧ ಕಿಲೋಮೀಟರನ್ನು ಅವರು ಈಗಲೂ ವಾಹನಗಳ ನಡುವೆಯೇ ದಾಟಬೇಕು. ಬಸ್ಸಿನ ಪ್ರಯಾಣಿಕರೆಲ್ಲರೂ ಪ್ರಯಾಣದ ಎರಡೂ ತುದಿಯಲ್ಲಿ ಪಾದಚಾರಿಗಳೇ. ಕಾರಿನವರೂ ಕಾರು ನಿಲ್ಲಿಸಿದ ಕೂಡಲೇ ಪಾದಚಾರಿಗಳೇ.

ಎರಡನೆಯ ಕಾರಣ ಜೀವದ್ದು. ಕೇಂದ್ರ ಸರ್ಕಾರದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬರು ಎಂದರೆ ಹೆಚ್ಚುಕಡಿಮೆ ಸರಿ. ದ್ವಿಚಕ್ರ ವಾಹನದವರು ಶೇ 44ಕ್ಕೂ ಹೆಚ್ಚು. ಕಬ್ಬಿಣದ ಕವಚವಿಲ್ಲದೆ ರಸ್ತೆಗಿಳಿದವರೇ ಹೆಚ್ಚಾಗಿ ಸಾಯುತ್ತಿದ್ದಾರೆ. ಹೀಗಿರುವಾಗ ರಸ್ತೆಯ ವಿನ್ಯಾಸ ಯಾರ ಸುತ್ತ ನಡೆಯಬೇಕು ಎಂಬುದರಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಈಗ ಫುಟ್‌ಪಾತನ್ನೇ ಹತ್ತಿರದಿಂದ ನೋಡೋಣ. ನಮ್ಮ ಜಿಲ್ಲೆಯ ಯಾವ ಪೇಟೆಗೆ ಹೋದರೂ ಈ ನೋಟ ಸಿಗುತ್ತದೆ. ಸ್ಲ್ಯಾಬು ರಸ್ತೆಯಿಂದ ಒಂದೂವರೆ ಅಡಿ ಎತ್ತರ. ವಯಸ್ಸಾದವರು ಹತ್ತಬೇಕಾದರೆ ಕಂಬವನ್ನೋ ಪಕ್ಕದವರ ತೋಳನ್ನೋ ಹಿಡಿಯಬೇಕು. ಹತ್ತಿದ ಮೇಲೆ ಹತ್ತು ಹೆಜ್ಜೆ ನೆಟ್ಟಗೆ ಸಿಗುವುದಿಲ್ಲ. ಒಂದು ಅಂಗಡಿಯವರು ಮೆಟ್ಟಿಲು ಕಟ್ಟಿಕೊಂಡಿದ್ದಾರೆ, ಪಕ್ಕದವರು ಬೈಕು ಹತ್ತಿಸಲು ಸಿಮೆಂಟಿನ ಇಳಿಜಾರು ಮಾಡಿಕೊಂಡಿದ್ದಾರೆ. ಮುಂದೆ ವಿದ್ಯುತ್ ಕಂಪನಿ ಸೆಸ್ಕ್‌ನವರ ಟ್ರಾನ್ಸ್‌ಫಾರ್ಮರ್, ಅದರ ಸುತ್ತ ಬೇಲಿ. ಅದಾದ ಮೇಲೆ ಕೇಬಲ್ಲಿಗೆಂದು ಎತ್ತಿ ಓರೆಯಾಗಿ ಬಿಟ್ಟುಹೋದ ಸ್ಲ್ಯಾಬು. ತಲೆಗೆ ತಾಗುವ ಮಟ್ಟದಲ್ಲಿ ಅಂಗಡಿಯ ತಗಡಿನ ಚಪ್ಪರ. ಒಂದು ಕೈಲಿ ಚೀಲ, ಇನ್ನೊಂದು ಕೈಲಿ ಮಗು ಹಿಡಿದ ತಾಯಿ ಇದನ್ನೆಲ್ಲ ಹತ್ತಿ ಇಳಿದು ಹೋಗುವುದಕ್ಕಿಂತ ಡಾಂಬರಿನ ಮೇಲೇ ನಡೆಯುತ್ತಾಳೆ. ಆಮೇಲೆ ನಾವು, ಜನರಿಗೆ ಶಿಸ್ತಿಲ್ಲ, ಫುಟ್‌ಪಾತ್ ಇದ್ದರೂ ರಸ್ತೆಯಲ್ಲೇ ನಡೆಯುತ್ತಾರೆ ಎಂದು ದೂರುತ್ತೇವೆ.

ಇದು ಹೇಗಿರಬೇಕು ಎಂಬುದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ 103ನೆಯ ಸಂಖ್ಯೆಯ ಮಾರ್ಗಸೂಚಿಯಲ್ಲಿ ಎಲ್ಲವೂ ಇದೆ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಎಂದರೆ ಸುಮಾರು ಆರು ಅಡಿ. ತಲೆಯ ಮೇಲೆ 2.2 ಮೀಟರ್‌ವರೆಗೆ ಏನೂ ಅಡ್ಡ ಬರಬಾರದು. ರಸ್ತೆಯಿಂದ ಫುಟ್‌ಪಾತಿನ ಎತ್ತರ 15 ಸೆಂಟಿಮೀಟರ್ ಮೀರಬಾರದು, ಒಂದು ಮೆಟ್ಟಿಲಿನಷ್ಟು. ಕಂಬ, ಮರ, ಬೆಂಚು, ಫಲಕಗಳಿಗೆ ಡಾಂಬರಿನ ಅಂಚಿಗೆ ಬೇರೆಯೇ ಪಟ್ಟಿ. ಅಂಗಡಿಯ ಮುಂದೆ ನಿಂತು ನೋಡುವವರಿಗೆ ಗೋಡೆಯ ಬದಿಗೆ ಇನ್ನಷ್ಟು ಜಾಗ. ನಡುವಿನ ಆರು ಅಡಿ ನಡಿಗೆಗೇ ಮೀಸಲು.

ಜಾಗ ಎಲ್ಲಿದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒಂದು 60 ಅಡಿಯ ಪೇಟೆ ರಸ್ತೆಯನ್ನು ಕಾಗದದ ಮೇಲೆ ಹಂಚಿ ನೋಡಿ. ಎರಡೂ ಕಡೆ 8 ಅಡಿ ಫುಟ್‌ಪಾತ್ ಎಂದರೆ 16 ಅಡಿ. ಮರ, ಕಂಬ, ಬೀದಿ ವ್ಯಾಪಾರಿಗಳಿಗೆ ಎರಡೂ ಕಡೆ 5 ಅಡಿ ಎಂದರೆ 10. ಹೋಗುವುದಕ್ಕೊಂದು ಬರುವುದಕ್ಕೊಂದು, ಬಸ್ಸು ಸಲೀಸಾಗಿ ಸಾಗುವಂತೆ ಹತ್ತೂವರೆ ಅಡಿಯ ಎರಡು ಸಾಲುಗಳಿಗೆ 21. ಒಟ್ಟು 47 ಆಯಿತು, ಇನ್ನೂ 13 ಅಡಿ ಉಳಿದಿದೆ. ಅದರಲ್ಲಿ ಎರಡೂ ಬದಿಗೆ ಆರೂವರೆ ಅಡಿಯ ಸೈಕಲ್ ಪಥ ಮಾಡಬಹುದು. ಇಲ್ಲವೇ ಒಂದು ಬದಿಯಲ್ಲಿ ವಾಹನ ನಿಲುಗಡೆಗೆ 7 ಅಡಿ ಕೊಟ್ಟು, ಮಿಕ್ಕ 6 ಅಡಿಯಲ್ಲಿ ಬಸ್ ತಂಗುದಾಣಕ್ಕೋ ಆಟೋ ನಿಲ್ದಾಣಕ್ಕೋ ಎಡೆ ಮಾಡಬಹುದು. ಯಾವುದು ಬೇಕೆಂದು ಊರಿನ ಜನ ಕೂತು ತೀರ್ಮಾನಿಸಲಿ. ಆದರೆ ಫುಟ್‌ಪಾತಿನ 16 ಅಡಿಯ ಮೇಲೆ ಚೌಕಾಸಿ ಬೇಡ. 40 ಅಡಿಯ ರಸ್ತೆಯಲ್ಲೂ ಇದು ಸಾಧ್ಯ: ಫುಟ್‌ಪಾತಿಗೆ 16, ವಾಹನಕ್ಕೆ 20, ಒಂದು ಬದಿಯ ಮರ ಮತ್ತು ಕಂಬಗಳಿಗೆ 4. ಇಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಅಷ್ಟೇ.

ಹಳೆಯ ಪೇಟೆಯ 20 ಅಡಿ ಓಣಿಗಳ ಕಥೆ ಬೇರೆ. ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ ಸ್ವಾಮಿ ದೇವಸ್ಥಾನದ ಆಸುಪಾಸಿನಂಥ ಹಳೆಯ ಬೀದಿಗಳು ಗಾಡಿ ಮತ್ತು ಕಾಲ್ನಡಿಗೆಯ ಕಾಲದವು. ಅಲ್ಲಿ ಫುಟ್‌ಪಾತ್ ಕಟ್ಟಲು ಹೋಗಬಾರದು. ಗೋಡೆಯಿಂದ ಗೋಡೆಗೆ ಒಂದೇ ಮಟ್ಟದಲ್ಲಿ ಕಲ್ಲುಹಾಸು ಹಾಕಿ, ಇಡೀ ಬೀದಿಯನ್ನೇ ನಡೆಯುವವರದ್ದಾಗಿ ಮಾಡಿ, ವಾಹನಕ್ಕೆ ಏಕಮುಖವಾಗಿ ನಿಧಾನಕ್ಕೆ ಹೋಗಲು ಬಿಡುವುದು ಸರಿ. ಅಂಗಡಿಗೆ ಸರಕು ಇಳಿಸುವ ಗೂಡ್ಸ್ ಆಟೋಗಳಿಗೆ ಬೆಳಿಗ್ಗೆ ಹೊತ್ತು ಗೊತ್ತುಮಾಡಿದರೆ ಹಗಲಿನ ಅರ್ಧ ಇಕ್ಕಟ್ಟು ತಾನೇ ಕರಗುತ್ತದೆ.

ಅಗಲಕ್ಕಿಂತಲೂ ಮುಖ್ಯವಾದದ್ದು ವೇಗ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕ ಅಪಾಯ ಕಂಡು ಬ್ರೇಕು ಒತ್ತುವ ಒಂದು ಸೆಕೆಂಡಿನೊಳಗೇ ವಾಹನ 14 ಮೀಟರ್ ಮುಂದೆ ಬಂದಿರುತ್ತದೆ. 30ರಲ್ಲಿ ಬಂದರೆ 8 ಮೀಟರ್ ಚಿಲ್ಲರೆ. ಹೊಡೆತದ ಶಕ್ತಿ ವೇಗದ ವರ್ಗದಂತೆ ಏರುವುದರಿಂದ 30ಕ್ಕಿಂತ 50ರಲ್ಲಿ ಅದು ಸುಮಾರು ಮೂರು ಪಟ್ಟು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ 2020ರ ಸ್ಟಾಕ್‌ಹೋಮ್ ಘೋಷಣೆ, ಜನ ಮತ್ತು ವಾಹನ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಲಿ ಎಂದು ಒತ್ತಾಯಿಸಿತು.

ಆದರೆ 30 ಎಂದು ಫಲಕ ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ. ಚಾಲಕನಿಗೆ ವೇಗ ಹೇಳಿಕೊಡುವುದು ರಸ್ತೆಯ ಆಕಾರ. ಮುಂದೆ ಅಗಲವಾದ ಖಾಲಿ ಡಾಂಬರು ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಸಾಲು ಕಿರಿದಾದರೆ, ಬದಿಗೆ ಮರಗಳಿದ್ದರೆ ನಿಧಾನವಾಗುತ್ತದೆ. ವೃತ್ತಗಳ ಮೂಲೆಯನ್ನು ದೊಡ್ಡ ಬಾಗಾಗಿ ಕತ್ತರಿಸಿದರೆ ಬೈಕು ಕಾರುಗಳು ವೇಗ ತಗ್ಗಿಸದೆಯೇ ತಿರುಗುತ್ತವೆ. ಮೂಲೆ ಬಿಗಿಯಾದರೆ ತಿರುಗುವವರು ನಿಧಾನಿಸಲೇಬೇಕು, ದಾಟುವವರ ದೂರವೂ ಕಡಿಮೆಯಾಗುತ್ತದೆ. ಜೀಬ್ರಾ ಪಟ್ಟೆಯನ್ನು ಬರಿಯ ಬಣ್ಣವಾಗಿ ಬಿಡದೆ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಅದೇ ಹಂಪಿನ ಕೆಲಸವನ್ನೂ ಮಾಡುತ್ತದೆ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಇಳಿದು ಹತ್ತಬೇಕಾಗಿಲ್ಲ. ಅಗಲ ರಸ್ತೆಯ ನಡುವೆ ಆರು ಅಡಿಯ ತಂಗು ಜಾಗ ಬಿಟ್ಟರೆ ವಯಸ್ಸಾದವರು ಒಂದು ಸಲಕ್ಕೆ ಒಂದೇ ಕಡೆಯ ವಾಹನ ನೋಡಿಕೊಂಡು ಎರಡು ಕಂತಿನಲ್ಲಿ ದಾಟಬಹುದು. ನಮ್ಮ ಡಿವೈಡರ್‌ಗಳಲ್ಲಿ ದಾಟಲು ಸಂದು ಬಿಡುವುದೇ ಅಪರೂಪ. ಇನ್ನೆಲ್ಲೋ ಇರುವ ಸಂದಿಗೆ ಸುತ್ತಿ ಹೋಗುವ ಬದಲು ಜನ ಡಿವೈಡರ್ ಹತ್ತಿ ಇಳಿಯುತ್ತಾರೆ.

ಸೈಕಲ್ಲಿನ ವಿಚಾರದಲ್ಲಿ ನಾವು ಮಾಡಿದ್ದು ಅರ್ಧ ಕೆಲಸ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸೈಕಲ್ ತುಳಿದುಕೊಂಡು ಹೋದದ್ದು ಈ ನಾಡು ಕಂಡ ಒಳ್ಳೆಯ ಬದಲಾವಣೆಗಳಲ್ಲಿ ಒಂದು. ಸೈಕಲ್ ಕೊಟ್ಟೆವು, ಅದನ್ನು ತುಳಿಯಲು ಅಂಜಿಕೆಯಿಲ್ಲದ ದಾರಿ ಕೊಡಲಿಲ್ಲ. ಮೈಸೂರು 2017ರಲ್ಲಿ ಟ್ರಿನ್ ಟ್ರಿನ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ತಂದು ದೇಶಕ್ಕೆ ಮಾದರಿಯಾಯಿತು. ಹಾಸನದ ಅಗತ್ಯ ಅದಕ್ಕಿಂತ ಸರಳವಾದದ್ದು. ಪೇಟೆಯಿಂದ ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಂಥ ವಿದ್ಯಾಸಂಸ್ಥೆಗಳಿಗೆ, ಬಸ್ ನಿಲ್ದಾಣಕ್ಕೆ, ರೈಲು ನಿಲ್ದಾಣಕ್ಕೆ ತುಂಡಾಗದ ಸೈಕಲ್ ಪಥ ಬೇಕು. ನಡುವೆ ನೂರು ಮೀಟರ್ ಕಡಿದುಹೋದರೂ ತಾಯಂದಿರು ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸಲು ಹೆದರುತ್ತಾರೆ. ಪಥಕ್ಕೆ ಜಾಗವೇ ಇಲ್ಲದ ಬೀದಿಯಲ್ಲಿ ವಾಹನದ ವೇಗವನ್ನು 30ಕ್ಕಿಂತ ಕೆಳಗಿಳಿಸಿದರೆ ಸೈಕಲ್ಲಿನವರು ಎಲ್ಲರ ಜೊತೆಗೇ ಹೋಗಬಹುದು.

ಇದೆಲ್ಲ ವಾಹನ ಓಡಿಸುವವರ ಮೇಲಿನ ದ್ವೇಷವಲ್ಲ. ಹಾಸನದ ಎಪಿಎಂಸಿಗೆ ಆಲೂಗಡ್ಡೆ ತರುವ ಟ್ರ್ಯಾಕ್ಟರು, ಚನ್ನರಾಯಪಟ್ಟಣಕ್ಕೆ ಕೊಬ್ಬರಿ ತುಂಬಿ ಬರುವ ಗೂಡ್ಸ್ ಗಾಡಿ, ರಾಮನಾಥಪುರದ ಹರಾಜಿಗೆ ತಂಬಾಕು ಒಯ್ಯುವ ವಾಹನ ಇವೆಲ್ಲ ನಮ್ಮ ಅನ್ನದ ದಾರಿಗಳು. ಪೇಟೆಯಲ್ಲಿ ಇವರಿಗೆ ಬೇಕಿರುವುದು ಅತಿ ವೇಗವಲ್ಲ, ಒಂದೇ ಹದದ ಓಟ. ನಡೆಯುವವರು ಫುಟ್‌ಪಾತಿನಲ್ಲಿದ್ದು, ದಾಟುವ ಜಾಗ ಗೊತ್ತಾಗಿದ್ದು, ಬಸ್ಸು ತಂಗುದಾಣದೊಳಗೇ ನಿಂತರೆ ಎರಡೇ ಸಾಲಿನ ರಸ್ತೆಯಲ್ಲೂ ವಾಹನ ನಿಲ್ಲದೆ ಸಾಗುತ್ತದೆ. ನಾಲ್ಕು ಸಾಲು ಮಾಡಿ, ಎರಡು ಸಾಲಿನಲ್ಲಿ ಕಾರು ನಿಲ್ಲಿಸಿ, ಮಿಕ್ಕ ಎರಡರಲ್ಲಿ ಜನ, ಆಟೋ, ಬೈಕು ಎಲ್ಲರೂ ಸಿಕ್ಕಿಕೊಳ್ಳುವ ಈಗಿನ ಸ್ಥಿತಿಯಲ್ಲಿ ಚಾಲಕರಿಗೂ ನೆಮ್ಮದಿಯಿಲ್ಲ. ಅಗಲೀಕರಣ ಇದಕ್ಕೆ ಮದ್ದಲ್ಲ. ಅಗಲ ಮಾಡಿದಷ್ಟೂ ಹೊಸ ವಾಹನಗಳು ಬಂದು ಆ ಜಾಗ ತುಂಬುತ್ತವೆ ಎಂಬುದನ್ನು ಬೆಂಗಳೂರು ನಮ್ಮ ಕಣ್ಣೆದುರಿಗೇ ತೋರಿಸಿದೆ.

ವರ್ತಕರಿಗೆ ಅಂಗಡಿಯ ಮುಂದೆ ಗಾಡಿ ನಿಲ್ಲದಿದ್ದರೆ ವ್ಯಾಪಾರ ಹೋದೀತು ಎಂಬ ಆತಂಕವಿದೆ. ಅದನ್ನು ಹಗುರವಾಗಿ ಕಾಣಬಾರದು. ಒಂದು ಕಾರು ನಿಲ್ಲಲು ಹತ್ತು ಹನ್ನೆರಡು ಚದರ ಮೀಟರ್ ಬೇಕು. ಎಷ್ಟೋ ಸಲ ಅಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಲ್ಲುವುದು ಅಂಗಡಿಯವರದ್ದೇ ವಾಹನ. ಆ ಜಾಗದಲ್ಲಿ ದಿನವಿಡೀ ನೂರಾರು ಜನ ನಡೆದು ಹೋದರೆ ಅಂಗಡಿಯ ಕಡೆ ತಿರುಗುವ ಕಣ್ಣುಗಳೂ ಹೆಚ್ಚುತ್ತವೆ. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ಫುಟ್‌ಪಾತುಗಳನ್ನು ವಿಶಾಲ ಮಾಡಿ ವಾಹನದ ಜಾಗ ಕುಗ್ಗಿಸಿದರು. ಬಜಾರು ಬಜಾರಾಗಿಯೇ ಉಳಿಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನ ಬೀದಿಯಾಯಿತು. ಸ್ಪೇನಿನ ಪಾಂಟೆವೆದ್ರಾ ಎಂಬ ಊರು ಹಾಸನಕ್ಕಿಂತ ಚಿಕ್ಕದು, ಜನಸಂಖ್ಯೆ 80 ಸಾವಿರದ ಆಸುಪಾಸು. 1999ರಿಂದ ಅವರು ಊರ ನಡುವಿನ ಬೀದಿಗಳನ್ನು ನಡೆಯುವವರಿಗೆ ಒಪ್ಪಿಸುತ್ತ ಬಂದರು. ಚಿಕ್ಕ ಊರು ಇಂಥದನ್ನು ಮಾಡಿ ಗೆಲ್ಲಬಹುದು ಎಂಬುದಕ್ಕೆ ಅದು ಸಾಕ್ಷಿ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದೇ ಫುಟ್‌ಪಾತ್ ತೆರವು ಎಂದು ತಿಳಿಯುವುದು ಇನ್ನೊಂದು ತಪ್ಪು. ತಳ್ಳುಗಾಡಿಯವರು, ಸೊಪ್ಪು ಮಾರುವವರು, ಹೂವಿನವರು ಇರುವುದರಿಂದಲೇ ಸಂಜೆಯ ಬೀದಿ ಹೆಂಗಸರಿಗೆ ಭಯವಿಲ್ಲದ ಬೀದಿಯಾಗಿರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಮರ ಮತ್ತು ಕಂಬಗಳ ಪಟ್ಟಿಯಲ್ಲಿ ಅವರಿಗೆ ಗುರುತಿಸಿದ ಜಾಗ ಕೊಟ್ಟರೆ ನಡಿಗೆಯ ಆರು ಅಡಿಗೆ ಅಡ್ಡಿಯಾಗುವುದಿಲ್ಲ.

ಹಾಸನಕ್ಕೆ ಇದು ಪೂರ್ತಿ ಹೊಸದೇನೂ ಅಲ್ಲ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ ಬಲಿಪಾಡ್ಯಮಿ ಮುಗಿಯುವವರೆಗೆ ಲಕ್ಷಾಂತರ ಜನ ಊರಿಗೆ ಬರುತ್ತಾರೆ. ಜಿಲ್ಲಾಡಳಿತ ದೇವಸ್ಥಾನದ ಸುತ್ತಲಿನ ರಸ್ತೆಗಳಿಗೆ ಬ್ಯಾರಿಕೇಡ್ ಹಾಕುತ್ತದೆ, ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತದೆ, ಹೊರಗೆ ನಿಲುಗಡೆ ಗೊತ್ತುಮಾಡುತ್ತದೆ. ಆ ದಿನಗಳಲ್ಲಿ ಊರಿನ ನಡುಭಾಗ ನಡೆಯುವವರ ಕೈಯಲ್ಲಿರುತ್ತದೆ, ವ್ಯಾಪಾರವೂ ಜೋರಾಗಿರುತ್ತದೆ. ಬೇಕೆಂದರೆ ಮಾಡಬಲ್ಲೆವು ಎಂದು ಪ್ರತಿವರ್ಷ ಸಾಬೀತು ಮಾಡಿ, ಬಾಗಿಲು ಮುಚ್ಚಿದ ಮರುದಿನವೇ ಮರೆತುಬಿಡುತ್ತೇವೆ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಮಾಸದ ಗಾಯವಿದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿಯೊಂದು ನುಗ್ಗಿ, ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಆ ಘಟನೆಯ ಹೊಣೆ ಯಾರದೆಂದು ಹೇಳುವುದು ತನಿಖೆಯ ಮತ್ತು ನ್ಯಾಯಾಲಯದ ಕೆಲಸ. ಆದರೆ ಹೆದ್ದಾರಿಯೇ ಊರಬೀದಿಯೂ ಆಗಿರುವ ಕಡೆಗಳಲ್ಲಿ ಊರು ಬಂತು, ನಿಧಾನಿಸು ಎಂದು ಚಾಲಕನಿಗೆ ರಸ್ತೆಯೇ ಹೇಳುವಂತಿರಬೇಕು. ಊರಿನ ಎರಡೂ ತುದಿಗೆ ರಸ್ತೆ ಕಿರಿದಾಗಬೇಕು, ಎತ್ತರಿಸಿದ ದಾಟು ಜಾಗಗಳು ಬರಬೇಕು, ದೀಪಗಳು ಉರಿಯಬೇಕು. ಹಬ್ಬ, ಜಾತ್ರೆ, ಮೆರವಣಿಗೆಗಳು ನಮ್ಮ ಬೀದಿಗಳ ನಿತ್ಯದ ಬಾಳಿನ ಭಾಗ. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನಕ್ಷೆ ಈ ನಾಡಿನ ನಕ್ಷೆಯೇ ಅಲ್ಲ.

ಕಾನೂನು ಈಗ ನಡೆಯುವವರ ಪರವಾಗಿದೆ. ಓಡಾಡಲು ಯೋಗ್ಯವಾದ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿತು. ಅಂಗವಿಕಲರೂ ಬಳಸುವಂತೆ ಅದು ಇರಬೇಕೆಂದಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಹೀಗಿದ್ದೂ ಕೆಲಸ ಕೆಡುವುದು ಬಹುಮಟ್ಟಿಗೆ ಇಲಾಖೆಗಳ ನಡುವೆ. ಡಾಂಬರು ಒಬ್ಬರದ್ದು, ಚರಂಡಿ ಇನ್ನೊಬ್ಬರದ್ದು, ಕಂಬ ಸೆಸ್ಕ್‌ನದ್ದು, ನೀರಿನ ಕೊಳವೆ ಮತ್ತೊಬ್ಬರದ್ದು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಅಗೆಯುತ್ತಾರೆ. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ದುಬಾರಿಯಾದರೂ ಒಂದು ಪಾಠವಿತ್ತು: ನೆಲದಡಿಯ ಕೊಳವೆ, ಕೇಬಲ್ಲುಗಳನ್ನು ಮೊದಲೇ ಜೋಡಿಸಿ, ಮತ್ತೆ ಅಗೆಯುವ ಅಗತ್ಯ ತಪ್ಪಿಸಿ, ಆಮೇಲೆ ಮೇಲಿನ ಹಾಸು ಹಾಕಿದರು. ನಮ್ಮ ಊರುಗಳಿಗೆ ಅಷ್ಟು ಹಣ ಬೇಡ, ಅದೇ ಕ್ರಮ ಸಾಕು. ಮೊದಲು ಸುಣ್ಣದ ಗೆರೆ ಎಳೆದು, ಡ್ರಮ್ಮುಗಳನ್ನಿಟ್ಟು ಒಂದು ತಿಂಗಳು ಹೊಸ ಅಳತೆಯನ್ನು ಬಳಸಿ ನೋಡಬಹುದು. ಸರಿಯಾಗದ್ದನ್ನು ಗೆರೆ ಅಳಿಸಿ ತಿದ್ದಬಹುದು. ಕಾಂಕ್ರೀಟು ಕೊನೆಗೆ ಬರಲಿ.

ಹಾಸನ ಈಗ ಮಹಾನಗರ ಪಾಲಿಕೆಯ ದರ್ಜೆಗೇರಿದೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಗೆ ಪುರಸಭೆಯಿದೆ, ಅರಕಲಗೂಡಿಗೆ ಪಟ್ಟಣ ಪಂಚಾಯಿತಿಯಿದೆ. ಬೈಪಾಸು ಸಿಕ್ಕ ಎರಡು ಊರುಗಳು ಮೊದಲ ಹೆಜ್ಜೆ ಇಡಲಿ: ಒಳಗಿನ ಬಿ.ಎಂ. ರಸ್ತೆಯನ್ನು ಊರಬೀದಿಯಾಗಿ ಮರಳಿ ರೂಪಿಸಲಿ. ಮಿಕ್ಕೆರಡು ಊರುಗಳು ಬಸ್ ನಿಲ್ದಾಣದಿಂದ ಆಸ್ಪತ್ರೆ, ಶಾಲೆ, ತಾಲ್ಲೂಕು ಕಚೇರಿಗೆ ಹೋಗುವ ದಾರಿಗಳಿಂದ ಶುರು ಮಾಡಲಿ.

ಓದುಗರಲ್ಲಿ ನನ್ನ ಮನವಿ ಇದು. ನಿಮ್ಮ ಬೀದಿಯಲ್ಲಿ ರಸ್ತೆ ಕಾಮಗಾರಿಗೆ ಗುದ್ದಲಿ ಪೂಜೆ ನಡೆಯುವ ದಿನ ಹೋಗಿ, ನಕ್ಷೆ ತೋರಿಸಿ ಎಂದು ಕೇಳಿ. ಅದರಲ್ಲಿ ನಾಲ್ಕು ಸಂಗತಿ ಹುಡುಕಿ: ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಆರು ಅಡಿ ಇದೆಯೇ, ಅದರ ಎತ್ತರ ಆರು ಅಂಗುಲದೊಳಗಿದೆಯೇ, ದಾಟುವ ಜಾಗ ಎಲ್ಲಿದೆ, ಸೈಕಲ್ಲಿನವರು ಎಲ್ಲಿ ಹೋಗಬೇಕು. ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಂಕ್ರೀಟು ಬಿದ್ದ ಮೇಲೆ ಇಪ್ಪತ್ತು ವರ್ಷ ಅದನ್ನು ಯಾರೂ ಬದಲಿಸುವುದಿಲ್ಲ. ಕೇಳುವ ಹೊತ್ತು ಅದಕ್ಕೆ ಮೊದಲೇ.